ಜಾಗ ಬಿಟ್ಟುಕೊಟ್ಟ ಕರಾವಳಿ: ಸೀಲ್‌ಗಳ ಜಾಡಿನಲ್ಲಿ ಲಾ ಹೋಯಾದಿಂದ ಪಾಯಿಂಟ್ ರೇಯಸ್‌ವರೆಗೆ

ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಸೀಲ್ ನೋಡಲು ಜನವರಿಯ ಕೊನೆಯ ವಾರದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ದೊಡ್ಡ ಜಾತಿಯ ಆನೆಸೀಲ್‌ಗಳ ಹೆರಿಗೆ ಆಗ ತುದಿ ಮುಟ್ಟಿರುತ್ತದೆ, ಗಂಡುಗಳ ಕಾಳಗ ಇನ್ನೂ ನಡೆಯುತ್ತಿರುತ್ತದೆ, ದಕ್ಷಿಣದ ಕಡೆ ಹಾರ್ಬರ್ ಸೀಲ್‌ಗಳ ಮೊದಲ ಮರಿಗಳು ಕಣ್ಣು ಬಿಡುತ್ತಿರುತ್ತವೆ. ಅಲ್ಲಿನ ಮಳೆಗಾಲವೂ ಅದೇ. ರಸ್ತೆ ಕುಸಿಯುವುದು, ಅಲೆ ಏರುವುದು, ಮಂಜು ಮುಸುಕುವುದು ಎಲ್ಲ ಸೇರಿಯೇ ಬರುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಹೋಗುವುದು ಅನುಕೂಲ, ಏಕೆಂದರೆ ಸಣ್ಣ ಸೀಲ್‌ನಿಂದ ದೊಡ್ಡದಕ್ಕೆ, ಊರ ನಡುವಿನ ತೀರದಿಂದ ನಿರ್ಜನ ತೀರಕ್ಕೆ ಹೆಜ್ಜೆ ಹೆಜ್ಜೆಯಾಗಿ ಸಾಗಬಹುದು.

ಮೊದಲ ದಿನ: ಲಾ ಹೋಯಾ

ಸ್ಯಾನ್ ಡಿಯೇಗೊದ ಭಾಗವಾದ ಲಾ ಹೋಯಾದಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಬೆಳಿಗ್ಗೆ ಎಂಟರೊಳಗೆ ಮಾತ್ರ. ಆಮೇಲೆ ಬೆಟ್ಟದ ಮೇಲಿನ ಬೀದಿಗಳಲ್ಲಿ ಸುತ್ತಿ ಸುತ್ತಿ ಸಾಕಾಗುತ್ತದೆ. ಕೋಸ್ಟ್ ಬುಲೆವಾರ್ಡ್‌ನ ಕೆಳಗೆ ಕಡಲಿಗೆ ಅಡ್ಡವಾಗಿ ಬಾಗಿ ನಿಂತ ಕಾಂಕ್ರೀಟ್ ಗೋಡೆಯೊಂದಿದೆ. ಮಕ್ಕಳು ಅಲೆಯ ಭಯವಿಲ್ಲದೆ ಈಜಲಿ ಎಂದು ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಎಂಬ ದಾನಿ ತಮ್ಮ ಹಣದಲ್ಲಿ 1931ರಲ್ಲಿ ಕಟ್ಟಿಸಿದ್ದು. ಅದಕ್ಕೇ ಅದರ ಹೆಸರು ಚಿಲ್ಡ್ರನ್ಸ್ ಪೂಲ್.

ಗೋಡೆ ಅಲೆ ತಡೆಯಿತು, ಜೊತೆಗೆ ಮರಳನ್ನೂ ಹಿಡಿದಿಟ್ಟಿತು. ವರ್ಷಗಳು ಕಳೆದಂತೆ ಕೊಳ ತುಂಬಿ ಸಣ್ಣದೊಂದು ಮರಳ ದಂಡೆಯಾಯಿತು. ಅಲೆ ಇಲ್ಲ, ಇಳಿಜಾರು ಮೃದು, ಮೂರು ಕಡೆ ಮರೆ. ಹಾರ್ಬರ್ ಸೀಲ್‌ಗೆ ಮೈ ಚಾಚಲು ಇದಕ್ಕಿಂತ ಇನ್ನೇನು ಬೇಕು? 1990ರ ದಶಕದಲ್ಲಿ ಅವು ಗುಂಪು ಗುಂಪಾಗಿ ಬಂದು ಇಲ್ಲೇ ಮರಿ ಹಾಕತೊಡಗಿದವು. 1997ರಲ್ಲಿ ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದೆ ಎಂದು ನಗರಾಡಳಿತ ಈಜು ನಿಲ್ಲಿಸಿತು. ಮಕ್ಕಳ ಕೊಳ ಮಕ್ಕಳಿಗೇ ಇರಲಿ ಎನ್ನುವವರು ಕೋರ್ಟಿಗೆ ಹೋದರು. ಮರಳು ತೆಗೆಸಿ ಕೊಳವನ್ನು ಮೊದಲಿನಂತೆ ಮಾಡಿ ಎಂದು 2005ರಲ್ಲಿ ಆದೇಶವೂ ಬಂತು. ಮರಳು ಹೋದರೆ ಸೀಲ್‌ಗಳೂ ಹೋದಂತೆಯೇ. ಅದು ಜಾರಿಯಾಗುವ ಮೊದಲೇ 2009ರಲ್ಲಿ ರಾಜ್ಯದ ಶಾಸನಸಭೆ ಜಾಗವನ್ನು ನಗರಕ್ಕೆ ಕೊಟ್ಟಾಗಿನ ಹಳೆಯ ಷರತ್ತನ್ನೇ ತಿದ್ದಿ, ಕಡಲ ಸಸ್ತನಿಗಳ ಉದ್ಯಾನಕ್ಕೂ ಈ ಜಾಗ ಬಳಸಬಹುದು ಎಂದಿತು. ಈಗ ಡಿಸೆಂಬರ್ 15ರಿಂದ ಮೇ 15ರವರೆಗೆ ಮರಳಿಗೆ ಯಾರೂ ಇಳಿಯುವಂತಿಲ್ಲ. ಮೆಟ್ಟಿಲಿಗೆ ಸರಪಳಿ ಬಿದ್ದಿರುತ್ತದೆ. ಮೇಲಿನ ಕಾಲುದಾರಿಯಿಂದಲೇ ನೋಡಬೇಕು.

ಮೇಲಿನಿಂದ ನೋಡಿದರೂ ಎಲ್ಲ ಕಾಣುತ್ತದೆ. ಚುಕ್ಕೆ ಚುಕ್ಕೆ ಮೈ, ನಾಲ್ಕೈದು ಅಡಿ ಉದ್ದ, ತಲೆ ಬಾಲ ಎರಡನ್ನೂ ಮೇಲೆತ್ತಿ ಬಿಲ್ಲಿನಂತೆ ಬಾಗಿ ಮಲಗುವ ರೀತಿ. ಹಾರ್ಬರ್ ಸೀಲ್‌ನ ಮರಿ ಹುಟ್ಟಿದ ಗಂಟೆಯೊಳಗೇ ಈಜುತ್ತದೆ. ಬಿಳಿಯ ಮೆದು ತುಪ್ಪಳವನ್ನು ತಾಯಿಯ ಹೊಟ್ಟೆಯಲ್ಲೇ ಉದುರಿಸಿ ಬಂದಿರುತ್ತದೆ. ಆದರೂ ಈ ಜಾತಿ ಮಹಾ ಅಂಜುಬುರುಕ. ಯಾರೋ ಒಬ್ಬರು ಹತ್ತಿರ ಬಂದರೆ ಸಾಕು, ಇಡೀ ಗುಂಪು ಒಮ್ಮೆಲೇ ನೀರಿಗೆ ನುಗ್ಗುತ್ತದೆ. ಆ ಗಡಿಬಿಡಿಯಲ್ಲಿ ಮರಿ ತಾಯಿಯಿಂದ ಬೇರೆಯಾಗುತ್ತದೆ. ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ಮೂಸಿ ಮೂಸಿ ಗುರುತು ಹಿಡಿಯುವುದು ಮುಗಿಯದಿದ್ದರೆ ತಾಯಿ ಮರಿಯನ್ನು ಬಿಟ್ಟೇ ಹೋಗಬಹುದು. ಐದು ತಿಂಗಳ ನಿಷೇಧದ ಹಿಂದಿನ ಕಾರಣ ಇಷ್ಟೇ.

ಗೋಡೆಯ ಬಳಿ ನಿಂತಿದ್ದ ವಯಸ್ಸಾದ ಮುಳುಗುಗಾರರೊಬ್ಬರು ತಾವು ಚಿಕ್ಕವರಿದ್ದಾಗ ಈಜು ಕಲಿತದ್ದು ಇಲ್ಲೇ ಎಂದರು. ಈಗ ಬೇಸರವೇ ಎಂದು ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಸಿಗೆಯಲ್ಲಿ ಈಗಲೂ ಇಳಿಯುತ್ತೇನೆ, ಚಳಿಗಾಲ ಅವರದು" ಎಂದರು. ಈ ಊರಿನಲ್ಲಿ ಎಲ್ಲರೂ ಹಾಗೆ ಹೇಳುವುದಿಲ್ಲ. ಗೋಡೆಯ ಮೇಲೆಯೇ ಎರಡು ಪಂಗಡಗಳು ಕೂಗಾಡಿಕೊಂಡ ದಿನಗಳೂ ಇದ್ದವು.

ಅಲ್ಲಿಂದ ಹತ್ತು ನಿಮಿಷ ನಡೆದರೆ ಲಾ ಹೋಯಾ ಕೋವ್. ಅಲ್ಲಿ ಬಂಡೆ ತುಂಬ ಬೊಗಳುವವು ಕಡಲಸಿಂಹಗಳು. ಗುರುತಿಸುವುದು ಸುಲಭ: ಹೊರಗೆ ಕಾಣುವ ಪುಟ್ಟ ಕಿವಿ ಇದ್ದು, ಮುಂದಿನ ರೆಕ್ಕೆಕಾಲುಗಳ ಮೇಲೆ ಎದ್ದು ನಡೆದರೆ ಕಡಲಸಿಂಹ. ಕಿವಿಯ ಜಾಗದಲ್ಲಿ ಬರೀ ತೂತಿದ್ದು, ಹೊಟ್ಟೆಯ ಮೇಲೆ ತೆವಳಿದರೆ ಸೀಲ್. ವಾಸನೆ ಗಡುಸು. ಗಾಳಿ ಕಡಲಿನಿಂದ ಬೀಸುವಾಗ ಪಕ್ಕದ ಹೋಟೆಲುಗಳಲ್ಲಿ ಹೊರಗೆ ಕೂತು ತಿನ್ನುವುದು ಕಷ್ಟ.

ಎರಡನೇ ದಿನ: ಕಾರ್ಪಿಂಟರೀಯಾ

ಲಾಸ್ ಏಂಜಲೀಸ್ ದಾಟುವುದೇ ಈ ದಿನದ ಕಷ್ಟದ ಕೆಲಸ. ಬೆಳಗಿನ ಐದಕ್ಕೆ ಹೊರಟರೆ ಬುತ್ತಿ ಬಿಚ್ಚುವ ಹೊತ್ತಿಗೆ ವೆಂಚುರಾ. ಅಲ್ಲಿಂದ ಮುಂದೆ ಎಡಕ್ಕೆ ಕಡಲು, ಬಲಕ್ಕೆ ಗುಡ್ಡ, ದೂರದಲ್ಲಿ ಚಾನೆಲ್ ದ್ವೀಪಗಳ ನೀಲಿ ಗೆರೆ. ಆ ದ್ವೀಪಗಳಲ್ಲಿ ಚುಮಾಶ್ ಎಂಬ ಮೂಲನಿವಾಸಿ ಜನರು ಬಿಟ್ಟುಹೋದ ತಿಪ್ಪೆಗಳನ್ನು ಅಗೆದರೆ ಚಿಪ್ಪಿನ ಜೊತೆ ಸೀಲ್ ಮತ್ತು ಕಡಲಸಿಂಹಗಳ ಎಲುಬು ಸಿಗುತ್ತದೆ. ಈ ಕರಾವಳಿಯಲ್ಲಿ ಮನುಷ್ಯ ಸೀಲ್ ತಿಂದದ್ದು ಸಾವಿರಾರು ವರ್ಷಗಳ ಮಾತು. ಎಣ್ಣೆಗಾಗಿ ಕೊಂದು ಪೀಪಾಯಿ ತುಂಬುವ ಲೆಕ್ಕ ಶುರುವಾದದ್ದು ಮಾತ್ರ ಹತ್ತೊಂಬತ್ತನೇ ಶತಮಾನದಲ್ಲಿ.

ಕಾರ್ಪಿಂಟರೀಯಾದಲ್ಲಿ ಬೇಲರ್ಡ್ ಅವೆನ್ಯೂ ತಿರುವಿನಲ್ಲಿ ಇಳಿದು, ಗುಡ್ಡದಂಚಿನ ಬಯಲಿನಲ್ಲಿ ಕಾರು ಬಿಟ್ಟು, ಪಶ್ಚಿಮಕ್ಕೆ ಕಾಲುದಾರಿ ಹಿಡಿಯಬೇಕು. ರೈಲು ಹಳಿ ದಾಟಬೇಕಾಗುತ್ತದೆ. ಅದು ನಿಜವಾಗಿ ರೈಲು ಓಡುವ ಹಳಿ, ಎರಡೂ ಕಡೆ ನೋಡಿ ದಾಟಿ. ಅರ್ಧ ಗಂಟೆಯೊಳಗೆ ತೈಲ ಕಂಪನಿಯ ಹಳೆಯ ಕಟ್ಟೆಸೇತುವೆಯ ಪಕ್ಕ, ಕಡಿದಾದ ದಡದ ಕೆಳಗೆ, ಹಾರ್ಬರ್ ಸೀಲ್‌ಗಳ ಹೆರಿಗೆಯ ತೀರ. ಡಿಸೆಂಬರ್ 1ರಿಂದ ಮೇ 31ರವರೆಗೆ ಕೆಳಗಿನ ಮರಳಿಗೆ ಪ್ರವೇಶವಿಲ್ಲ. ನಾಯಿಯನ್ನು ಕರೆತರುವಂತಿಲ್ಲ. ಮಾತನ್ನೂ ಪಿಸುದನಿಯಲ್ಲೇ ಆಡಬೇಕು.

ದಡದ ಮೇಲೆ ಸ್ವಯಂಸೇವಕಿಯೊಬ್ಬರು ಮಡಚುವ ಕುರ್ಚಿ ಹಾಕಿಕೊಂಡು, ಟ್ರೈಪಾಡ್ ಮೇಲಿನ ದೂರದರ್ಶಕದಲ್ಲಿ ಎಣಿಸುತ್ತ ಕೂತಿದ್ದರು. ನಿವೃತ್ತ ಶಾಲಾ ಶಿಕ್ಷಕಿಯಂತೆ. ಅವರ ಕೈಯ ಹಾಳೆಯಲ್ಲಿ ದೊಡ್ಡವು ಎಷ್ಟು, ಮರಿ ಎಷ್ಟು, ಯಾವ ಹೊತ್ತಿಗೆ ಯಾವುದರಿಂದ ಗುಂಪು ಬೆದರಿತು ಎಂಬ ಖಾನೆಗಳು. ಬೆದರಿಸಿದ ಕಾರಣದ ಖಾನೆಯಲ್ಲಿ ಡ್ರೋನ್, ಬಿಟ್ಟ ನಾಯಿ, ಹತ್ತಿರ ಬಂದ ಕಯಾಕ್ ಎಂದೆಲ್ಲ ಬರೆದಿತ್ತು. ಯಾವಾಗ ಬಂದರೆ ಚೆನ್ನಾಗಿ ಕಾಣುತ್ತದೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಸಲಹೆ: ಮೊದಲು ಇಳಿತದ ವೇಳಾಪಟ್ಟಿ ನೋಡಿ. ನೀರು ಇಳಿದಾಗ ಮಲಗಲು ಮರಳು ಹೆಚ್ಚು, ಸೀಲ್‌ಗಳೂ ಹೆಚ್ಚು. ಭರತದ ಹೊತ್ತಿಗೆ ಬಂದರೆ ನೀರಿನಲ್ಲಿ ತಲೆಗಳಷ್ಟೇ ಕಾಣುತ್ತವೆ. ಬೈನಾಕ್ಯುಲರ್ 8x42 ಸಾಕು. ಅದಕ್ಕಿಂತ ದೊಡ್ಡದು ಕಡಲ ಗಾಳಿಯಲ್ಲಿ ಕೈಯಲ್ಲಿ ನಡುಗುತ್ತದೆ.

ತೀರದಲ್ಲಿ ನಡೆದರೆ ಚಪ್ಪಲಿಗೆ ಕಪ್ಪು ಡಾಂಬರು ಮೆತ್ತುತ್ತದೆ. ತೈಲ ಕಂಪನಿ ಬರುವುದಕ್ಕೆ ಎಷ್ಟೋ ಮೊದಲಿನಿಂದ ಇಲ್ಲಿ ನೆಲದಿಂದ ತಾನಾಗಿ ಒಸರುವ ಡಾಂಬರು ಅದು. ಚುಮಾಶರು ಹಲಗೆ ದೋಣಿಗಳ ಸಂದು ಮುಚ್ಚುತ್ತಿದ್ದದ್ದು ಇದರಿಂದಲೇ. ಬಟ್ಟೆಗೆ ತಾಗಿದರೆ ನೀರು, ಸೋಪು ಏನೂ ಮಾಡುವುದಿಲ್ಲ. ಅಡುಗೆ ಎಣ್ಣೆ ಸವರಿ ಒರೆಸಿದರೆ ಬಿಡುತ್ತದೆ. ಬಾಡಿಗೆ ಕಾರಿನ ಮ್ಯಾಟ್ ಮೇಲೆ ಮೆತ್ತಿಸಿಕೊಂಡ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು.

ರಾತ್ರಿ ಸ್ಯಾನ್ ಸಿಮಿಯನ್ ತಲುಪುವ ಹೊತ್ತಿಗೆ ಮಳೆ.

ಮೂರನೇ ದಿನ: ಪಿಯೆದ್ರಾಸ್ ಬ್ಲಾಂಕಾಸ್

ಹರ್ಸ್ಟ್ ಕ್ಯಾಸಲ್ ಎಂಬ ಪ್ರವಾಸಿ ಅರಮನೆಯ ದ್ವಾರದಿಂದ ಹೆದ್ದಾರಿ 1ರಲ್ಲಿ ಉತ್ತರಕ್ಕೆ ನಾಲ್ಕೂವರೆ ಮೈಲಿ. ಟಿಕೆಟ್ ಇಲ್ಲ, ಕಾಯ್ದಿರಿಸುವುದಿಲ್ಲ, ವರ್ಷವಿಡೀ ತೆರೆದಿರುತ್ತದೆ. ಕಾರಿನ ಬಾಗಿಲು ತೆರೆಯುತ್ತಿದ್ದಂತೆ ಮೊದಲು ಕಿವಿಗೆ ಬೀಳುವುದು ಸದ್ದು: ಹಳೆಯ ಬುಲೆಟ್ ಬೈಕು ನಿಂತಲ್ಲೇ ಗುಡುಗುಡಿಸಿದಂತೆ, ಎದೆಯಲ್ಲಿ ತಾಗುವ ಬಡಿತ. ಅದು ಗಂಡು ಆನೆಸೀಲ್‌ನ ಎಚ್ಚರಿಕೆ. ಒಂದೊಂದು ಗಂಡಿನ ಬಡಿತದ ಲಯವೂ ಬೇರೆ. ಎದುರಾಳಿಗಳು ಆ ಲಯವನ್ನು ನೆನಪಿಟ್ಟುಕೊಂಡು, ತಮ್ಮನ್ನು ಹಿಂದೆ ಸೋಲಿಸಿದವನ ದನಿ ಕೇಳಿದೊಡನೆ ಸರಿದುಬಿಡುತ್ತವೆ. ನೂರು ಬೆದರಿಕೆಗಳಲ್ಲಿ ರಕ್ತ ಸುರಿಯುವ ಕಾಳಗಕ್ಕೆ ತಿರುಗುವುದು ಕೆಲವೇ ಕೆಲವು.

ಹಲಗೆ ಹಾಸಿನ ದಾರಿಯ ಕೆಳಗೆ ಮರಳು ಕಾಣದಷ್ಟು ಮೈಗಳು. ಗಂಡು 14ರಿಂದ 16 ಅಡಿ, ತೂಕ 2,000 ಕಿಲೋ ದಾಟುತ್ತದೆ. ಹೆಣ್ಣು ಅದರ ಮೂರನೇ ಒಂದು ಪಾಲೂ ಇಲ್ಲ. ಮರಿ ಕಪ್ಪಗೆ, ಸುಕ್ಕು ಸುಕ್ಕಾಗಿ, ಸುಮಾರು 30 ಕಿಲೋದ್ದು. ತಾಯಿ ಹೆತ್ತು ಇಪ್ಪತ್ತೆಂಟು ದಿನ ಹಾಲೂಡುತ್ತಾಳೆ. ಅಷ್ಟೂ ದಿನ ಅವಳಿಗೆ ಅನ್ನ ನೀರು ಇಲ್ಲ. ಹಾಲಿನ ಕೊಬ್ಬು ದಿನದಿಂದ ದಿನಕ್ಕೆ ಏರುತ್ತ ಅರ್ಧಕ್ಕಿಂತ ಹೆಚ್ಚಾಗುತ್ತದೆ. ತಿಂಗಳೊಳಗೆ ಮರಿ 110ರಿಂದ 140 ಕಿಲೋ ತೂಗುತ್ತದೆ, ತಾಯಿಯ ಮೈ ಸುಮಾರು 40 ಪ್ರತಿಶತ ಇಳಿದಿರುತ್ತದೆ. ಆಮೇಲೆ ಒಂದು ದಿನ ಕೂಡುವಿಕೆ ಮುಗಿಸಿ ಅವಳು ಕಡಲಿಗಿಳಿದು ಹೊರಟುಹೋಗುತ್ತಾಳೆ. ಈಜು, ಬೇಟೆ ಏನನ್ನೂ ಕಲಿಸುವುದಿಲ್ಲ. ಮರಿಗಳು ಎರಡು ತಿಂಗಳಿಗೂ ಹೆಚ್ಚು ಕಾಲ ದಂಡೆಯಲ್ಲೇ ಉಳಿದು, ಸಂಜೆ ಹೊತ್ತು ಆಳವಿಲ್ಲದ ನೀರಿನಲ್ಲಿ ತಾವೇ ಪಳಗುತ್ತವೆ.

ನೀಲಿ ಜಾಕೆಟ್ ತೊಟ್ಟ ಸ್ವಯಂಸೇವಕರು ಇಲ್ಲಿ ದಿನವೂ ಇರುತ್ತಾರೆ. ಫ್ರೆಂಡ್ಸ್ ಆಫ್ ದಿ ಎಲಿಫೆಂಟ್ ಸೀಲ್ ಎಂಬ ಸಂಘದವರು, 1997ರಿಂದ ಈ ಕೆಲಸ ಮಾಡುತ್ತಿದ್ದಾರೆ. ಅವರಲ್ಲೊಬ್ಬರು ಕೈಯಲ್ಲಿ ಸೀಲ್ ಚರ್ಮದ ತುಂಡು ಹಿಡಿದು ಮಕ್ಕಳಿಗೆ ಮುಟ್ಟಿಸುತ್ತಿದ್ದರು. ವಸಂತದಲ್ಲಿ ಹೆಣ್ಣುಗಳು, ಬೇಸಿಗೆಯಲ್ಲಿ ಗಂಡುಗಳು ಬಂದು ತುಪ್ಪಳದ ಜೊತೆ ಮೇಲು ಚರ್ಮವನ್ನೂ ಪಟ್ಟೆ ಪಟ್ಟೆಯಾಗಿ ಕಳಚುತ್ತವೆ. ಮೊದಲ ಸಲ ನೋಡುವವರು ರೋಗ ಬಂದಿದೆ ಎಂದು ಗಾಬರಿಯಾಗಿ ಫೋನ್ ಮಾಡುವುದು ಆ ತಿಂಗಳುಗಳಲ್ಲೇ ಹೆಚ್ಚಂತೆ.

ಈ ತೀರದಲ್ಲಿ 1990ಕ್ಕೆ ಮೊದಲು ಒಂದೂ ಆನೆಸೀಲ್ ಇರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಎರಡು ಡಜನ್‌ನಷ್ಟು ಬಂದವು. 1992ರಲ್ಲಿ ಮೊದಲ ಮರಿ. 1995ರಲ್ಲಿ ಒಂದೇ ಋತುವಿನಲ್ಲಿ ಸುಮಾರು 600 ಮರಿ. ಈಗ ವರ್ಷದಲ್ಲಿ ಒಂದಲ್ಲ ಒಂದು ಕಾಲಕ್ಕೆ ಈ ಭಾಗಕ್ಕೆ ಬಂದುಹೋಗುವ ಆನೆಸೀಲ್‌ಗಳು 25,000ದ ಆಸುಪಾಸು. ಮೊದಲ ವರ್ಷಗಳಲ್ಲಿ ಜನ ಹೆದ್ದಾರಿಯಂಚಿನಲ್ಲಿ ಕಾರು ನಿಲ್ಲಿಸಿ, ಮರಳಿಗಿಳಿದು, ಗಂಡು ಸೀಲ್ ಪಕ್ಕ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಸೀಲ್‌ಗಳು ರಸ್ತೆಗೆ ಹತ್ತುತ್ತಿದ್ದವು. ಬೇಲಿ, ಹಲಗೆ ದಾರಿ, ನೀಲಿ ಜಾಕೆಟ್ ಎಲ್ಲ ಬಂದದ್ದು ಆಮೇಲೆ.

ಎಲ್ಲಿಂದ ಬಂದವು ಎಂಬುದು ಈ ಕರಾವಳಿಯ ಅತಿ ದೊಡ್ಡ ಕಥೆ. ಆನೆಸೀಲ್‌ನ ಕೊಬ್ಬಿನಿಂದ ಕಾಯಿಸಿ ತೆಗೆದ ಎಣ್ಣೆ ದೀಪಕ್ಕೂ ಯಂತ್ರಕ್ಕೂ ಸ್ಪರ್ಮ್ ತಿಮಿಂಗಿಲದ ಎಣ್ಣೆಯ ನಂತರದ ಸ್ಥಾನದ್ದು. ದೊಡ್ಡ ಗಂಡೊಂದರಿಂದ 200 ಗ್ಯಾಲನ್, ಅಂದರೆ 750 ಲೀಟರ್‌ವರೆಗೆ ಸಿಗುತ್ತಿತ್ತು. ಬೇಟೆಯ ವಿಧಾನ ಸರಳ: ಹಡಗಿನವರು ಸೀಲ್‌ಗೂ ಕಡಲಿಗೂ ನಡುವೆ ಸಾಲಾಗಿ ನಿಂತು, ಕೂಗಿ, ಬಡಿದು ಗುಂಪನ್ನು ದಂಡೆಯ ಮೇಲಕ್ಕೆ ಅಟ್ಟುತ್ತಿದ್ದರು. ನೆಲದ ಮೇಲೆ ಆ ಭಾರದ ಪ್ರಾಣಿ ಸ್ವಲ್ಪ ದೂರ ಓಡುವಷ್ಟರಲ್ಲಿ ಬಸವಳಿಯುತ್ತದೆ. ಈಟಿಯಿಂದ ತಿವಿದು, ಕೊಬ್ಬಿನ ಪದರ ಸುಲಿದು, ಕಬ್ಬಿಣದ ಕಡಾಯಿಗಳಲ್ಲಿ ಕಾಯಿಸಿ ಪೀಪಾಯಿಗೆ ತುಂಬುತ್ತಿದ್ದರು. 1880ರ ದಶಕದ ಹೊತ್ತಿಗೆ ಇಡೀ ಜಾತಿ ಮುಗಿಯಿತು ಎಂದೇ ಎಲ್ಲರೂ ನಂಬಿದರು.

1892ರಲ್ಲಿ ಚಾರ್ಲ್ಸ್ ಟೌನ್‌ಸೆಂಡ್ ಎಂಬ ವಿಜ್ಞಾನಿ ಮೆಕ್ಸಿಕೋದ ಗ್ವಾಡಲುಪೆ ದ್ವೀಪದಲ್ಲಿ ಎಂಟು ಆನೆಸೀಲ್‌ಗಳನ್ನು ಕಂಡರು. ಹೇಗೂ ಅಳಿಯುವ ಜಾತಿ, ವಸ್ತುಸಂಗ್ರಹಾಲಯಕ್ಕೆ ಮಾದರಿಗಳಾದರೂ ಉಳಿಯಲಿ ಎಂದು ಅವುಗಳಲ್ಲಿ ಏಳನ್ನು ಕೊಲ್ಲಲಾಯಿತು. ಇದನ್ನು ಓದುವಾಗ ಈಗಲೂ ಕರುಳು ಹಿಂಡುತ್ತದೆ. ಜಾತಿ ಆದರೂ ಉಳಿಯಿತು. ಆನೆಸೀಲ್ ವರ್ಷದ ಹೆಚ್ಚಿನ ಕಾಲ ತೆರೆಗಡಲಿನಲ್ಲಿ ಇರುತ್ತದೆ, ಎಲ್ಲವೂ ಒಟ್ಟಿಗೆ ದಂಡೆಗೆ ಬರುವ ದಿನವೇ ಇಲ್ಲ. ಬೇಟೆಗಾರನಿಗೆ ಸಿಕ್ಕಿದ್ದು ಆ ದಿನ ನೆಲದಲ್ಲಿದ್ದವು ಮಾತ್ರ. ಅಂತೂ ಉಳಿದವು ನೂರಕ್ಕಿಂತ ಕಡಿಮೆ. ಕೆಲವು ಅಂದಾಜಿನ ಪ್ರಕಾರ ಇಪ್ಪತ್ತರ ಸುತ್ತ. 1922ರಲ್ಲಿ ಮೆಕ್ಸಿಕೋ ಸರ್ಕಾರ ದ್ವೀಪಕ್ಕೆ ರಕ್ಷಣೆ ಕೊಟ್ಟಿತು, ಸ್ವಲ್ಪ ಸಮಯದ ನಂತರ ಅಮೆರಿಕವೂ ಕೊಟ್ಟಿತು. ಅಲ್ಲಿಂದ ಹಬ್ಬಿ ಹಬ್ಬಿ ಇಂದು ಎರಡು ಲಕ್ಷ ದಾಟಿವೆ. ಈ ಹಲಗೆ ದಾರಿಯಿಂದ ಕಾಣುವ ಪ್ರತಿಯೊಂದು ಮರಿಯೂ ಆ ಬೆರಳೆಣಿಕೆಯ ಸೀಲ್‌ಗಳ ಸಂತತಿ. ಹಾಗಾಗಿ ಎಲ್ಲವುಗಳ ವಂಶವಾಹಿಯೂ ಹೆಚ್ಚುಕಡಿಮೆ ಒಂದೇ. ಹೊಸ ರೋಗವೊಂದು ನುಗ್ಗಿದರೆ ತಡೆದುಕೊಳ್ಳುವ ವೈವಿಧ್ಯ ಕಡಿಮೆ ಎಂಬ ಆತಂಕ ವಿಜ್ಞಾನಿಗಳಿಗೆ ಇದ್ದೇ ಇದೆ.

ಮಧ್ಯಾಹ್ನ ಅಲೆ ಏರಿತು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತದ ಜೊತೆ ಬಿರುಗಾಳಿ ಸೇರಿದರೆ ಈ ಇಕ್ಕಟ್ಟಿನ ದಂಡೆಯಲ್ಲಿ ಮರಿಗಳಿಗೆ ಹಿಂದೆ ಸರಿಯಲು ಜಾಗವಿಲ್ಲ. ಎಳೆಯ ಮರಿಗೆ ಈಜು ಬಾರದು, ಮೈಯಲ್ಲಿ ಕೊಬ್ಬೂ ಕೂಡಿರುವುದಿಲ್ಲ. ಒಂದು ಮರಿ ಅಲೆಯಲ್ಲಿ ಉರುಳಿ ದೂರದ ಹೆಣ್ಣಿನ ಬಳಿ ಬಿತ್ತು, ಆ ಹೆಣ್ಣು ಕಚ್ಚಿ ಓಡಿಸಿತು. ನೋಡುತ್ತಿದ್ದವರೊಬ್ಬರು ಯಾರಾದರೂ ಇಳಿದು ಎತ್ತಬಾರದೇ ಎಂದು ಅಳುತ್ತಲೇ ಕೇಳಿದರು. ಮನುಷ್ಯ ಇಳಿದರೆ ಗಂಡುಗಳು ಕೆರಳಿ ಓಡಾಡಿ ಇನ್ನೂ ನಾಲ್ಕು ಮರಿಗಳು ಅಡಿಗೆ ಸಿಕ್ಕಿ ಸಾಯುತ್ತವೆ ಎಂದು ನೀಲಿ ಜಾಕೆಟಿನವರು ಮೆಲ್ಲಗೆ ವಿವರಿಸಿದರು. ಸುಮಾರು ಅರ್ಧ ಗಂಟೆಯ ನಂತರ ತಾಯಿ ಕೂಗುತ್ತ ಬಂದು ಮರಿಯನ್ನು ಕಂಡುಕೊಂಡಿತು.

ಲೆನ್ಸ್ ಬದಲಿಸುವುದಿದ್ದರೆ ಕಾರಿನೊಳಗೇ ಬದಲಿಸಿ. ಸೀಲ್‌ಗಳು ಮೈ ತಂಪಾಗಲು ಮುಂಗಾಲಿನಿಂದ ಮರಳು ಎರಚಿಕೊಳ್ಳುತ್ತವೆ. ಗಾಳಿ ಅದನ್ನು ಹಲಗೆ ದಾರಿಯವರೆಗೂ ತರುತ್ತದೆ. ಕಡಲಹಕ್ಕಿಗಳು ಕೈಯಲ್ಲಿದ್ದ ಚಪಾತಿ ಸುರುಳಿಯನ್ನು ಹಾರಿಕೊಂಡು ಬಂದು ಕಸಿದವು, ಬೆರಳಿಗೂ ಗೀರಾಯಿತು. ತಿನ್ನುವುದನ್ನೂ ಕಾರಿನೊಳಗೇ ಮುಗಿಸುವುದು ಒಳ್ಳೆಯದು. ಸಂಜೆ ಕೇಂಬ್ರಿಯಾ ಊರಿನಲ್ಲಿ ಓಲಾಲಿಬೆರ್ರಿ ಎಂಬ ಹುಳಿ ಸಿಹಿ ಹಣ್ಣಿನ ಪೈ ಸಿಗುತ್ತದೆ. ಸಸ್ಯಾಹಾರಿಗಳು ಅದರ ಹೊರಪದರಕ್ಕೆ ಬೆಣ್ಣೆ ಹಾಕಿದ್ದಾರೋ ಹಂದಿ ಕೊಬ್ಬೋ ಎಂದು ಕೇಳಿ ತೆಗೆದುಕೊಳ್ಳಬೇಕು.

ನಾಲ್ಕನೇ ದಿನ: ರಸ್ತೆ

ಬಿಗ್ ಸರ್ ಎಂಬ ಕಡಿದಾದ ಕರಾವಳಿಯ ಮೂಲಕ ಹೋಗುವ ಹೆದ್ದಾರಿ 1 ಮಳೆಗಾಲದಲ್ಲಿ ಗುಡ್ಡ ಜರಿದು ಮುಚ್ಚುವುದು ಸಾಮಾನ್ಯ. ಹೊರಡುವ ಬೆಳಿಗ್ಗೆಯೇ ರಾಜ್ಯದ ರಸ್ತೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನ ರಸ್ತೆ ನಕ್ಷೆ ನೋಡಬೇಕು. ಮಳೆ ನಿಲ್ಲದ ಕಾರಣ ಒಳನಾಡಿನ ಹೆದ್ದಾರಿ 101 ಹಿಡಿದದ್ದಾಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ. ಮಾಸ್ ಲ್ಯಾಂಡಿಂಗ್ ಬಂದರಿನಲ್ಲಿ ಅರ್ಧ ಗಂಟೆ ನಿಂತರೆ ಎಲ್ಕ್‌ಹಾರ್ನ್ ಸ್ಲೂ ಕಾಯಲಿನ ಕೆಸರುದಿಣ್ಣೆಗಳಲ್ಲಿ ಹಾರ್ಬರ್ ಸೀಲ್‌ಗಳನ್ನೂ, ನೀರಿನ ಮೇಲೆ ಬೆನ್ನಡಿಯಾಗಿ ತೇಲುವ ಕಡಲ ನೀರುನಾಯಿಗಳನ್ನೂ ಒಟ್ಟಿಗೆ ನೋಡಬಹುದು. ಮೀನುಗಾರನೊಬ್ಬ ಬಲೆ ಹೊಲಿಯುತ್ತ, ಗಾಳದಲ್ಲಿ ಸಿಕ್ಕ ಸಾಲ್ಮನ್ ಮೀನನ್ನು ಮೇಲೆಳೆಯುವಷ್ಟರಲ್ಲಿ ಕಡಲಸಿಂಹ ಹೊಟ್ಟೆಯ ಭಾಗ ಕಿತ್ತುಕೊಂಡು ಹೋಗುತ್ತದೆ, ತಲೆ ಮಾತ್ರ ದೋಣಿಗೆ ಬರುತ್ತದೆ ಎಂದ. ಅವನ ಅಜ್ಜನ ಕಾಲದಲ್ಲಿ ದೋಣಿಯಲ್ಲಿ ಬಂದೂಕು ಇರುತ್ತಿತ್ತು. 1972ರ ಕಡಲ ಸಸ್ತನಿ ರಕ್ಷಣಾ ಕಾಯ್ದೆಯಡಿ ಈಗ ಗುಂಡು ಹಾರಿಸಿದರೆ ಜೈಲಾಗಬಹುದು. ಅವನ ನಷ್ಟ ನಿಜವಾದದ್ದು, ಅದನ್ನು ತಳ್ಳಿಹಾಕಿ ಸೀಲ್‌ಗಳ ಬಗ್ಗೆ ಬರೆಯುವುದು ಸರಿಯಲ್ಲ.

ಐದನೇ ದಿನ: ಆನ್ಯೋ ನುಯೇವೋ

ಸಾಂತಾ ಕ್ರೂಜ್‌ನಿಂದ ಉತ್ತರಕ್ಕೆ ಇಪ್ಪತ್ತು ಮೈಲಿ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಮಾರ್ಗದರ್ಶಕರ ಜೊತೆ ಮಾತ್ರ ಒಳಗೆ ಹೋಗಬಹುದು. ವಾರಾಂತ್ಯದ ಟಿಕೆಟ್ ವಾರಗಳ ಮೊದಲೇ ತೀರುತ್ತದೆ. ಬುಧವಾರ ಗುರುವಾರದ ಬೆಳಗಿನ ಸರದಿ ಸಿಗುವ ಸಾಧ್ಯತೆ ಹೆಚ್ಚು. ಒಟ್ಟು ಮೂರು ಮೈಲಿ ನಡಿಗೆ, ಎರಡೂವರೆ ಗಂಟೆ, ಕೊನೆಯ ಭಾಗವೆಲ್ಲ ಸಡಿಲ ಮರಳಿನ ದಿಬ್ಬ. ಮಳೆ ಬಂದರೂ ನಡಿಗೆ ನಿಲ್ಲುವುದಿಲ್ಲ. ಛತ್ರಿ ಒಯ್ಯುವಂತಿಲ್ಲ, ಗಾಳಿಗೆ ಪಟಪಟಿಸಿ ಸೀಲ್‌ಗಳನ್ನು ಬೆದರಿಸುತ್ತದೆ. ರೈನ್‌ಕೋಟ್, ಮೊಣಕಾಲಿನವರೆಗಿನ ಪ್ಯಾಂಟ್ ಕವಚ ಬೇಕು. ಮಗುವಿನ ತಳ್ಳುಗಾಡಿ ಮರಳಿನಲ್ಲಿ ಹೂತುಹೋಗುತ್ತದೆ, ಬೆನ್ನಿಗೆ ಕಟ್ಟಿಕೊಳ್ಳುವ ಚೀಲವೇ ಸರಿ. ದಾರಿಯಂಚಿನ ಒಣಕಡ್ಡಿಗಳನ್ನು ಮುಟ್ಟಬೇಡಿ. ಪಾಯಿಸನ್ ಓಕ್ ಜನವರಿಯಲ್ಲಿ ಎಲೆ ಉದುರಿಸಿ ನಿಂತಿರುತ್ತದೆ. ಬೋಳು ಕಡ್ಡಿ ತಾಗಿದರೂ ಮೈಯೆಲ್ಲ ಬೊಬ್ಬೆ.

ಸ್ಪ್ಯಾನಿಷ್ ನಾವಿಕ ವಿಜ್‌ಕೈನೊನ ತಂಡದವರು 1603ರ ಜನವರಿ 3ರಂದು ಈ ಭೂಶಿರವನ್ನು ಕಂಡು ಹೊಸವರ್ಷದ ಹೆಸರಿಟ್ಟರು. ಎದುರಿನ ಪುಟ್ಟ ದ್ವೀಪದಲ್ಲಿ 1872ರಿಂದ ಮಂಜಿನ ಸೂಚನೆಯ ಕಹಳೆ, ಆಮೇಲೆ ದೀಪ, ಕಾವಲುಗಾರನ ಮನೆ ಎಲ್ಲ ಇದ್ದವು. 1948ರಲ್ಲಿ ಮನುಷ್ಯರು ಖಾಲಿ ಮಾಡಿದರು. 1955ರಲ್ಲಿ ಆನೆಸೀಲ್ ಕಾಣಿಸಿಕೊಂಡಿತು, 1961ರಲ್ಲಿ ಮೊದಲ ಮರಿ. ದ್ವೀಪ ತುಂಬಿದ ಮೇಲೆ 1975ರಲ್ಲಿ ಎದುರಿನ ನೆಲದಲ್ಲೂ ಹೆರಿಗೆಯಾಯಿತು. ಬಿಟ್ಟುಹೋದ ಆ ಮನೆಯೊಳಗೆ ಈಗ ಕಡಲಸಿಂಹಗಳು ಓಡಾಡುತ್ತವೆ; ದೂರದರ್ಶಕದಲ್ಲಿ ಕಿಟಕಿಯ ಚೌಕಟ್ಟು ಕಾಣುತ್ತದೆ.

ಇಲ್ಲಿ ಮೇಲಿನಿಂದ ನೋಡುವುದಿಲ್ಲ, ಸೀಲ್‌ಗಳ ನಡುವೆ ನಡೆಯುತ್ತೇವೆ. ಅಂತರ 25 ಅಡಿ, ಅದಕ್ಕಿಂತ ಒಂದಡಿ ಕಡಿಮೆಯೂ ಇಲ್ಲ. ಅಷ್ಟೇಕೆ ಎಂಬುದು ದಿಬ್ಬದ ತಿರುವಿನಲ್ಲಿ ಗಂಡೊಂದು ತಲೆಯೆತ್ತಿದಾಗ ಅರ್ಥವಾಗುತ್ತದೆ: ಎರಡು ಟನ್ ಮೈ ಮರಳಿನ ಮೇಲೆ ಅಲೆಯಂತೆ ಏರಿಳಿದು ನುಗ್ಗಿ ಬರುವಾಗ, ಸಡಿಲ ಮರಳಿನಲ್ಲಿ ಮನುಷ್ಯನ ಓಟಕ್ಕಿಂತ ಹಿಂದೆ ಬೀಳುವುದಿಲ್ಲ. ನಮ್ಮ ಗುಂಪಿನ ದಾರಿಗೆ ಅಡ್ಡವಾಗಿ ಒಂದು ಗಂಡು ಮಲಗಿತ್ತು. ಮಾರ್ಗದರ್ಶಕಿ ಯಾವ ಸದ್ದನ್ನೂ ಮಾಡದೆ ಎಲ್ಲರನ್ನೂ ಹಿಂದಕ್ಕೆ ಕರೆದು ಸುತ್ತುದಾರಿಯಲ್ಲಿ ಒಯ್ದರು. ಏಳಿಸುವ ಮಾತೇ ಬರಲಿಲ್ಲ.

ಈ ತೀರದಿಂದ ಜಗತ್ತಿಗೆ ಸಿಕ್ಕ ತಿಳಿವಳಿಕೆ ದೊಡ್ಡದು. ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ಬರ್ನಿ ಲೆ ಬೂಫ್ ಮತ್ತು ಅವರ ಶಿಷ್ಯರು 1960ರ ದಶಕದ ಕೊನೆಯಿಂದ ಇಲ್ಲಿ ಸೀಲ್‌ಗಳಿಗೆ ಕೂದಲಿನ ಬಣ್ಣದಿಂದ ಅಂಕಿ ಬರೆದು, ರೆಕ್ಕೆಕಾಲಿಗೆ ಪ್ಲಾಸ್ಟಿಕ್ ಬಿಲ್ಲೆ ಹಾಕಿ ಒಂದೊಂದನ್ನೂ ಹಿಂಬಾಲಿಸಿದರು. 1980ರ ದಶಕದಲ್ಲಿ ಆಳ ಅಳೆಯುವ ಯಂತ್ರವನ್ನು ತುಪ್ಪಳಕ್ಕೆ ಎಪಾಕ್ಸಿ ಅಂಟಿನಿಂದ ಅಂಟಿಸಿ ಕಡಲಿಗೆ ಬಿಟ್ಟರು. ತಿಂಗಳುಗಳ ನಂತರ ಅದೇ ಸೀಲ್ ಅದೇ ದಂಡೆಗೆ ಮರಳುತ್ತದೆ, ಯಂತ್ರ ವಾಪಸ್ ಸಿಗುತ್ತದೆ. ಉಳಿದ ಅಂಟು ತುಪ್ಪಳದ ಜೊತೆ ಉದುರಿಹೋಗುತ್ತದೆ. ಆಗ ಗೊತ್ತಾಯಿತು: ಹಗಲಿರುಳು ಒಂದರ ಹಿಂದೊಂದು ಮುಳುಗು, ಒಂದೊಂದೂ ಇಪ್ಪತ್ತು ನಿಮಿಷದ ಹತ್ತಿರ, 400ರಿಂದ 800 ಮೀಟರ್ ಆಳ, ನಡುವೆ ಮೇಲೆ ಉಸಿರಾಡಲು ಎರಡು ಮೂರು ನಿಮಿಷ ಮಾತ್ರ. ಮುಳುಗುವ ಮೊದಲು ಉಸಿರನ್ನು ಹೊರಬಿಡುತ್ತದೆ. ಆಮ್ಲಜನಕವೆಲ್ಲ ರಕ್ತ ಮತ್ತು ಸ್ನಾಯುವಿನಲ್ಲಿ ಕೂಡಿರುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಡಲಿನಲ್ಲಿರುವಾಗ ದಿನಕ್ಕೆ ಸರಾಸರಿ ಎರಡೇ ಗಂಟೆ ನಿದ್ದೆ, ಅದೂ ಆಳಕ್ಕೆ ಇಳಿಯುತ್ತಲೇ ತುಂಡು ತುಂಡಾಗಿ. ದಂಡೆಯಲ್ಲಿ ಸತ್ತಂತೆ ಬಿದ್ದಿರುವ ಸೀಲ್ ಸೋಮಾರಿ ಎನ್ನುವವರಿಗೆ ಇದನ್ನು ಹೇಳಬೇಕು.

ವಾಪಸ್ ಬರುವಾಗ ಬೂಟಿನೊಳಗೆ ಮರಳು, ರೈನ್‌ಕೋಟಿನೊಳಗೆ ಬೆವರು. ಪೆಸ್ಕಡೆರೊ ಹಳ್ಳಿಯಲ್ಲಿ ಬಿಸಿ ಆರ್ಟಿಚೋಕ್ ಸೂಪು ಹಿತವಾಗಿತ್ತು. ಕೋಳಿಯ ಕಟ್ಟಿನಲ್ಲಿ ಮಾಡುವ ಕಡೆಗಳೂ ಇರುವುದರಿಂದ ಕೇಳಿಯೇ ಕುಡಿಯಬೇಕು. ಈ ಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲವೆಂದೇ ಲೆಕ್ಕ. ಟಿಕೆಟ್, ನಕ್ಷೆ ಎರಡನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ.

ಆರನೇ ದಿನ: ಸಾಸಲೀಟೊ

ಗೋಲ್ಡನ್ ಗೇಟ್ ಸೇತುವೆ ದಾಟಿ ಗುಡ್ಡದೊಳಗಿನ ಒಂಟಿಸಾಲಿನ ಸುರಂಗಕ್ಕೆ ಬಂದರೆ ಕೆಂಪು ದೀಪ ಐದು ನಿಮಿಷ ನಿಲ್ಲಿಸುತ್ತದೆ. ಆಚೆ, ಹಳೆಯ ನೈಕಿ ಕ್ಷಿಪಣಿ ನೆಲೆಯ ಜಾಗದಲ್ಲಿ, 1975ರಲ್ಲಿ ಶುರುವಾದ ಮೆರೀನ್ ಮ್ಯಾಮಲ್ ಸೆಂಟರ್ ಎಂಬ ಆಸ್ಪತ್ರೆ. ಈವರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಡಲ ಪ್ರಾಣಿಗಳನ್ನು ಎತ್ತಿ ತಂದಿದ್ದಾರೆ. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೋಗಬೇಕು.

ಬಡಕಲು ಮರಿಗೆ ಮೊದಲು ನೀರು, ಲವಣ. ಆಮೇಲೆ ಹೆರಿಂಗ್ ಮೀನನ್ನು ಸಾಲ್ಮನ್ ಎಣ್ಣೆಯ ಜೊತೆ ರುಬ್ಬಿ ಕೊಳವೆಯಲ್ಲಿ ಹೊಟ್ಟೆಗೆ. ಕೊನೆಗೆ ದಾರಕ್ಕೆ ಕಟ್ಟಿದ ಮೀನನ್ನು ಕೊಳದಲ್ಲಿ ಎಳೆದಾಡಿಸಿ ಹಿಡಿಯಲು ಕಲಿಸುತ್ತಾರೆ. ಕಡಲಸಿಂಹಗಳಲ್ಲಿ ಕೆಲವು ತಲೆ ಅಲ್ಲಾಡಿಸುತ್ತ, ಸೆಟೆದು ಬೀಳುತ್ತ ಬರುತ್ತವೆ. ಸೂಡೊನಿಟ್ಜಿಯಾ ಎಂಬ ಪಾಚಿ ಹೆಚ್ಚಿದಾಗ ಅದರ ಡೊಮೊಯಿಕ್ ಆಮ್ಲವನ್ನು ಬೂತಾಯಿ, ಕೊಳ್ಳತರು ಮೀನುಗಳು ನುಂಗುತ್ತವೆ, ಆ ಮೀನು ತಿಂದ ಪ್ರಾಣಿಯ ಮಿದುಳಿಗೆ ವಿಷ ಏರುತ್ತದೆ. ಕಡಲ ಸಸ್ತನಿಗಳಲ್ಲಿ ಇದನ್ನು 1998ರಲ್ಲಿ ಮೊದಲು ಪತ್ತೆಹಚ್ಚಿದವರಲ್ಲಿ ಈ ಆಸ್ಪತ್ರೆಯವರೂ ಇದ್ದರು. ಗುಂಡೇಟಿನ ಗಾಯ, ಕುತ್ತಿಗೆಗೆ ಬಿಗಿದ ಬಲೆಯ ದಾರ ಈಗಲೂ ಬರುತ್ತಲೇ ಇವೆ.

ತೀರದಲ್ಲಿ ಒಂಟಿ ಮರಿ ಕಂಡರೆ ನೀರಿಗೆ ತಳ್ಳಬಾರದು, ಮೈಮೇಲೆ ನೀರು ಸುರಿಯಬಾರದು, ತಿನ್ನಿಸಬಾರದು. ಮೈ ಬೆಚ್ಚಗಾಗಲು, ದಣಿವಾರಿಸಲು ಅದು ದಂಡೆಗೆ ಬಂದಿದೆ. ತಾಯಿ ಬೇಟೆಗೆ ಹೋಗಿರಬಹುದು. 50 ಗಜ ದೂರ ನಿಂತು ಜಾಗದ ಗುರುತು ಹೇಳಿ ಫೋನ್ ಮಾಡಿದರೆ ಸಾಕು.

ಕೊನೆಯ ದಿನ: ಪಾಯಿಂಟ್ ರೇಯಸ್

ಮಂಜು ಎಷ್ಟು ದಟ್ಟವೆಂದರೆ ಹಳೆಯ ಡೈರಿ ಫಾರ್ಮುಗಳ ನಡುವಿನ ಅಂಕುಡೊಂಕು ರಸ್ತೆಯಲ್ಲಿ ಮುಂದಿನ ಕಾರಿನ ಕೆಂಪು ದೀಪವೇ ದಿಕ್ಕು. ರಸ್ತೆಯ ಕೊನೆಯ ಹತ್ತು ಮೈಲಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಬೇಕು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಆನೆಸೀಲ್ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಮರಳಿದವು, 1981ರಲ್ಲಿ ಚಿಮ್ನಿ ರಾಕ್ ಬಳಿ ಮೊದಲ ಜೋಡಿ ಕಂಡಿತು. ದೂರದ ಫಾರಲಾನ್ ದ್ವೀಪಗಳಲ್ಲಿ ಹತ್ತೊಂಬತ್ತನೇ ಶತಮಾನದ ಮೊದಲಲ್ಲೇ ಅಮೆರಿಕದ, ರಷ್ಯದ ಬೇಟೆಗಾರರು ತುಪ್ಪಳ ಸೀಲ್‌ಗಳನ್ನು ಬರಿದು ಮಾಡಿದ್ದರು. ಅಲ್ಲಿ ಮತ್ತೆ ಮರಿ ಹುಟ್ಟಲು 1996ರವರೆಗೆ ಕಾಯಬೇಕಾಯಿತು.

ಡ್ರೇಕ್ಸ್ ಬೀಚ್‌ನಲ್ಲಿ ನಡೆದದ್ದು ತೀರ ಇತ್ತೀಚಿನದು. ಜನರ ಓಡಾಟವಿರುವ ಈ ದಂಡೆಗೆ ಸೀಲ್ ಹತ್ತಿದಾಗಲೆಲ್ಲ ಸಿಬ್ಬಂದಿ ನೀಲಿ ತಾರ್ಪಾಲು ಬೀಸಿ ಮೆಲ್ಲಗೆ ಅಟ್ಟುತ್ತಿದ್ದರು. 2018ರ ಡಿಸೆಂಬರ್ 22ರಿಂದ 35 ದಿನ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿದ್ದವು, ತಾರ್ಪಾಲು ಬೀಸುವವರು ಯಾರೂ ಇರಲಿಲ್ಲ. ಅದೇ ಹೊತ್ತಿಗೆ ಬಿರುಗಾಳಿ, ದೊಡ್ಡ ಭರತ ಸೇರಿ ಅವುಗಳ ಹಳೆಯ ದಂಡೆ ಮುಳುಗಿತು. ಅರವತ್ತರಷ್ಟು ದೊಡ್ಡವು ಇತ್ತ ಬಂದು, ಬೇಲಿ ಉರುಳಿಸಿ, ಕಾರು ನಿಲ್ಲಿಸುವ ಜಾಗಕ್ಕೂ ಹತ್ತಿದವು. ಮರಿಗಳು ಹುಟ್ಟಿದವು. ಕೆಲಸಕ್ಕೆ ಮರಳಿದ ಸಿಬ್ಬಂದಿ ಓಡಿಸಲಿಲ್ಲ. ತೀರವನ್ನು ಮುಚ್ಚಿದರು, ವಾರಾಂತ್ಯದಲ್ಲಿ ಸ್ವಯಂಸೇವಕರನ್ನು ನಿಲ್ಲಿಸಿ ದೂರದಿಂದ ತೋರಿಸಲು ಶುರು ಮಾಡಿದರು.

ಈಗಲೂ ಚಳಿಗಾಲದಲ್ಲಿ ಪಾರ್ಕಿಂಗ್‌ನ ಕಡಲ ಕಡೆಯ ಅಂಚಿಗೆ ಅಡ್ಡಗಟ್ಟೆ ಇಡುತ್ತಾರೆ. ಅಲ್ಲಿದ್ದ ಸ್ವಯಂಸೇವಕರ ಪ್ರಕಾರ ಅಡ್ಡಗಟ್ಟೆಯ ಜಾಗ ಪ್ರತಿ ವಾರ ಬದಲಾಗುತ್ತದೆ, ಸೀಲ್ ಮುಂದೆ ಬಂದಷ್ಟೂ ಗಟ್ಟೆ ಹಿಂದೆ. ಹತ್ತೂವರೆಗೆ ಮೊದಲು ಬಂದರೆ ಕಾರಿಗೆ ಜಾಗ ಸಿಗುತ್ತದೆ. ಮಾರ್ಚ್ ಮೊದಲ ವಾರದ ಹೊತ್ತಿಗೆ ಹೆಣ್ಣುಗಳೆಲ್ಲ ಹೊರಟಿರುತ್ತವೆ, ಏಪ್ರಿಲ್‌ವರೆಗೆ ಹಾಲು ಬಿಟ್ಟ ಮರಿಗಳಷ್ಟೇ ಉಳಿಯುತ್ತವೆ. ಜನವರಿಯ ಗದ್ದಲ ತಪ್ಪಿಹೋದವರು ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ನೇರ ಪಿಯೆದ್ರಾಸ್ ಬ್ಲಾಂಕಾಸ್‌ಗೆ ಹೋಗಬಹುದು: ತುಪ್ಪಳ ಕಳಚಲು ಬಂದ ಹೆಣ್ಣುಗಳು, ಎಳೆಯವು ಆಗ ಸಾವಿರಗಟ್ಟಲೆ ಇರುತ್ತವೆ, ಮಳೆ ನಿಂತಿರುತ್ತದೆ, ಬಿಗ್ ಸರ್ ರಸ್ತೆಯೂ ತೆರೆದಿರುವ ಸಾಧ್ಯತೆ ಹೆಚ್ಚು.